ಅಲ್ಲಿದ್ದರೇ ಕ್ಷೇಮವೆ?

ನಮ್ಮ ನಡುವೆ, ಅದರಲ್ಲೂ ನಾಲ್ಕಕ್ಷರ ಓದಿದ ನಗರವಾಸಿಗಳ ನಡುವೆ, ಒಂದು ಮಾತು ಬಹಳ ಸುಲಭವಾಗಿ ಚಲಾವಣೆಗೆ ಬಂದಿದೆ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಮ್ಯೂಸಿಯಂ ನೋಡಿ ಬಂದವರು, ಗಾಜಿನ ಪೆಟ್ಟಿಗೆಯೊಳಗೆ ದೀಪದ ಬೆಳಕಿನಲ್ಲಿ ನಿಂತ ನಮ್ಮ ದೇವರುಗಳನ್ನು ಕಂಡು ಬಂದವರು, ಈ ಮಾತನ್ನು ಆಡುತ್ತಾರೆ: “ನಮ್ಮವರ ಕೈಯಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಹಾಳಾಗಿ ಹೋಗುತ್ತಿತ್ತು. ಅಲ್ಲಿದ್ದರೇ ಕ್ಷೇಮ.” ಕೇಳಿದವರು ತಲೆದೂಗುತ್ತಾರೆ. ಊರಿನ ಗುಡಿಯ ಹಳೆಯ ಕಂಬಕ್ಕೆ ಎಣ್ಣೆಬಣ್ಣ ಬಳಿದದ್ದು, ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾದದ್ದು ನಮಗೂ ನೆನಪಿಗೆ ಬರುತ್ತದೆ. ನಾಚಿಕೆಯಾಗುತ್ತದೆ. ನಾಚಿಕೆಯ ಭರದಲ್ಲಿ ಮಾತನ್ನು ಒಪ್ಪಿಬಿಡುತ್ತೇವೆ.

ಒಪ್ಪಬಾರದು ಎಂಬುದು ನಮ್ಮ ವಾದ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆದ್ದರಿಂದಲೇ ಅದು ಪೂರ್ತಿ ಸುಳ್ಳಿಗಿಂತ ಹೆಚ್ಚು ಕೆಡುಕು ಮಾಡುತ್ತದೆ. ನಮ್ಮ ಗುಡಿಗಳನ್ನೇ ಉದಾಹರಣೆಗೆ ತೆಗೆದುಕೊಂಡರೆ ಅಭಿಮಾನವೋ ಸಿಟ್ಟೋ ಅಡ್ಡ ಬಂದೀತು. ಅದಕ್ಕಾಗಿ ನಮಗೆ ನೆಂಟಸ್ತನವಿಲ್ಲದ ಒಂದು ಊರಿನ, ನಮ್ಮದಲ್ಲದ ಒಂದು ಮತದ ಪುಟ್ಟ ಇಗರ್ಜಿಯ ಕಥೆಯನ್ನು ವಾಚಕರ ಮುಂದೆ ಇಡುತ್ತೇವೆ.

ಮೆಡಿಟರೇನಿಯನ್ ಸಮುದ್ರದ ಪೂರ್ವದ ಮೂಲೆಯಲ್ಲಿ ಸೈಪ್ರಸ್ ದ್ವೀಪವಿದೆ. ಅದರ ನಡುವಿನ ಬಯಲುಸೀಮೆಗೆ ಮೆಸಾವೊರಿಯ ಎಂದು ಹೆಸರು. ಧಾನ್ಯ ಬೆಳೆಯುವ ನೆಲ. ಅಲ್ಲಿ ಲೀಸಿ ಎಂಬ ಹಳ್ಳಿ. ಹಳ್ಳಿಯ ಹೊರಗೆ, ಹೊಲಗಳ ನಡುವೆ, ಸಂತ ಎವ್ಫಿಮಿಯಾನೋಸನ ಹೆಸರಿನ ಇಗರ್ಜಿ. ಕ್ರಿಸ್ತಶಕ 13ನೇ ಶತಮಾನದ್ದೆಂದು ವಿದ್ವಾಂಸರು ಹೇಳುತ್ತಾರೆ. ದೊಡ್ಡ ಕಟ್ಟಡವೇನೂ ಅಲ್ಲ. ಕಲ್ಲಿನ ಗೋಡೆ, ಒಂದೇ ಅಂಕಣ, ನೆತ್ತಿಯ ಮೇಲೆ ಒಂದು ಗುಮ್ಮಟ, ಪೂರ್ವಕ್ಕೆ ಅರ್ಧಚಂದ್ರದಂತೆ ಹೊರಚಾಚಿದ ಪೀಠದ ಗೂಡು, ಇಷ್ಟೇ. ನಮ್ಮ ಕಡೆ ಊರ ಹೊರಗೆ, ವರುಷಕ್ಕೊಮ್ಮೆ ಹಬ್ಬಕ್ಕೆ ಜನ ಸೇರುವ ಗುಡಿಗಳಿರುತ್ತವಲ್ಲ, ಅಂಥದ್ದೇ ಅಳತೆ.

ಇಂಥ ಪುಟ್ಟ ಕಟ್ಟಡಗಳಿಗೆ ಆ ದ್ವೀಪದಲ್ಲಿ ದೊಡ್ಡ ಕೆಲಸವಿತ್ತು. 1192ರಿಂದ ಸೈಪ್ರಸ್ಸನ್ನು ಆಳಿದವರು ಲೂಸಿನ್ಯಾನ್ ಎಂಬ ಫ್ರೆಂಚ್ ಮನೆತನದ ಅರಸರು. ಅವರದು ರೋಮಿನ ಪಂಥ, ಲ್ಯಾಟಿನ್ ಪ್ರಾರ್ಥನೆ. ಪ್ರಜೆಗಳದು ಪೂರ್ವದ ಸನಾತನ ಪಂಥ, ಗ್ರೀಕ್ ಭಾಷೆ. 1260ರಲ್ಲಿ ಪೋಪರ ಶಾಸನವೊಂದು ಗ್ರೀಕ್ ಬಿಷಪ್ಪರ ಸಂಖ್ಯೆಯನ್ನು ನಾಲ್ಕಕ್ಕೆ ಮಿತಿಗೊಳಿಸಿ, ಅವರನ್ನು ಪಟ್ಟಣಗಳಿಂದ ಹಳ್ಳಿಗಾಡಿಗೆ ಕಳಿಸಿತು. ಪಟ್ಟಣಗಳಲ್ಲಿ ಅರಸರ ಗೋಥಿಕ್ ಪ್ರಾರ್ಥನಾಮಂದಿರಗಳು ಎದ್ದವು. ಹಳ್ಳಿಗಳಲ್ಲಿ ಜನ ತಮ್ಮ ನುಡಿಯನ್ನೂ ತಮ್ಮ ವಿಧಿಗಳನ್ನೂ ಇಂಥ ನಾಲ್ಕು ಗೋಡೆಗಳ ನಡುವೆ ಕಾಪಾಡಿಕೊಂಡರು. ಪರನುಡಿಯ ನಗರದಲ್ಲಿ ಬಾಡಿಗೆಯ ಸಭಾಂಗಣದಲ್ಲಿ ರಾಜ್ಯೋತ್ಸವ ಮಾಡುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆ ಇಗರ್ಜಿಯ ಒಳಗಿನ ಚಿತ್ರಗಳ ಮಾತು. ಗುಮ್ಮಟದ ನಡುವೆ ಸರ್ವಶಕ್ತನಾದ ಕ್ರಿಸ್ತನ ಎದೆಮಟ್ಟದ ದೊಡ್ಡ ಚಿತ್ರ, ಕೆಳಗೆ ನಿಂತವನನ್ನು ನೋಡುವಂತೆ. ಅವನ ಸುತ್ತ ದೇವದೂತರ ಸಾಲು. ಆ ಸಾಲಿನಲ್ಲಿ ಅಂತಿಮ ತೀರ್ಪಿಗಾಗಿ ಸಜ್ಜಾದ ಬರಿದಾದ ಸಿಂಹಾಸನ, ಅದರ ಕಡೆಗೆ ಬರುವ ಮರಿಯಮ್ಮ ಮತ್ತು ಸ್ನಾನಿಕ ಯೋಹಾನ. ಪೂರ್ವದ ಗೂಡಿನ ಒಳಮೈಯಲ್ಲಿ ಕೈಯೆತ್ತಿ ಪ್ರಾರ್ಥಿಸುವ ಮರಿಯಮ್ಮ, ಅವಳ ಎಡಬಲಕ್ಕೆ ಮೈಕೇಲ ಮತ್ತು ಗೇಬ್ರಿಯೇಲ. ಬೈಜಾಂಟಿಯಮ್ಮಿನ ಪದ್ಧತಿಯಲ್ಲಿ ಇದಕ್ಕೊಂದು ಕ್ರಮವಿದೆ. ಗುಮ್ಮಟವೆಂದರೆ ಆಕಾಶ, ಅಲ್ಲಿ ದೇವರು. ಗೂಡು ಆಕಾಶಕ್ಕೂ ನೆಲಕ್ಕೂ ನಡುವಿನ ಬಾಗಿಲು, ಅಲ್ಲಿ ತಾಯಿ. ಕೆಳಗಿನ ಗೋಡೆ ಭೂಮಿ, ಅಲ್ಲಿ ಸಂತರು. ಅವರ ಹೆಗಲಿಗೆ ಹೆಗಲು ತಾಗುವಂತೆ ನಿಂತ ಹಳ್ಳಿಯ ಜನ. ಎಂದರೆ ಚಿತ್ರದ ಅರ್ಥ ಅರ್ಧ ಬಣ್ಣದಲ್ಲಿದ್ದರೆ ಇನ್ನರ್ಧ ಕಟ್ಟಡದಲ್ಲಿದೆ. ಗುಮ್ಮಟವಿಲ್ಲದ ಗುಮ್ಮಟದ ಚಿತ್ರ, ಆಕಾಶವಿಲ್ಲದ ಸೂರ್ಯನಿದ್ದಂತೆ.

ಬಣ್ಣಕ್ಕೂ ಗೋಡೆಗೂ ಇರುವ ನಂಟು ಇನ್ನೂ ಹತ್ತಿರದ್ದು. ಕ್ಯಾನ್ವಾಸಿನ ಮೇಲೆ ಬರೆದ ಚಿತ್ರವನ್ನು ಮೊಳೆಯಿಂದ ಕಳಚಿ ಇನ್ನೊಂದು ಮೊಳೆಗೆ ತೂಗಹಾಕಬಹುದು. ಭಿತ್ತಿಚಿತ್ರ ಹಾಗಲ್ಲ. ಗೋಡೆಗೆ ಸುಣ್ಣದ ಗಾರೆ ಬಳಿದು, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚುತ್ತಾರೆ. ಸುಣ್ಣ ಗಾಳಿಯನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಕಲ್ಲಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಬಣ್ಣ ಗೋಡೆಯ ಮೇಲಿರುವುದಿಲ್ಲ, ಗೋಡೆಯ ಮೈಯೇ ಆಗಿರುತ್ತದೆ. ಏಳುನೂರು ವರುಷ ಅದು ಬಾಳಿದ್ದು ಈ ಕಾರಣದಿಂದ. ಅದನ್ನು ತೆಗೆಯಬೇಕಾದರೆ ಗೋಡೆಯ ಚರ್ಮವನ್ನೇ ಸುಲಿಯಬೇಕು.

ಸುಲಿದರು. 1974ರ ಜುಲೈಯಲ್ಲಿ ಗ್ರೀಸಿನ ಸೇನಾಡಳಿತದ ಬೆಂಬಲದಿಂದ ಸೈಪ್ರಸ್ಸಿನಲ್ಲಿ ಕ್ಷಿಪ್ರಕ್ರಾಂತಿ ನಡೆಯಿತು. ಐದು ದಿನಗಳಲ್ಲಿ ತುರ್ಕಿಯ ಸೇನೆ ಬಂದಿಳಿಯಿತು. ಆಗಸ್ಟಿನ ಹೊತ್ತಿಗೆ ದ್ವೀಪ ಎರಡು ಹೋಳಾಗಿತ್ತು. ಉತ್ತರದ ಪಾಲಿಗೆ ಬಿದ್ದ ಲೀಸಿಯಿಂದ ಗ್ರೀಕ್ ನುಡಿಯ ಜನ ಉಟ್ಟ ಬಟ್ಟೆಯಲ್ಲಿ ದಕ್ಷಿಣಕ್ಕೆ ಹೊರಟರು. ಅದೇ ಕಾಲಕ್ಕೆ ದಕ್ಷಿಣದ ಹಳ್ಳಿಗಳಿಂದ ತುರ್ಕಿ ನುಡಿಯ ಜನ ಉತ್ತರಕ್ಕೆ ಬಂದರು. ಅವರೂ ಮನೆ, ಮಸೀದಿ, ಹಿರಿಯರ ಗೋರಿಗಳನ್ನು ಬಿಟ್ಟು ಬಂದವರೇ. ಕಣ್ಣೀರು ಎರಡು ಕಡೆಗೂ ಇತ್ತು. ಲಾಭ ಮಾತ್ರ ಮೂರನೆಯವನದಾಯಿತು.

ಕಾಯುವವರಿಲ್ಲದ ಇಗರ್ಜಿಗೆ ಕಳ್ಳರು ನುಗ್ಗಿ, ಚಿತ್ರಗಳ ಮೇಲೆ ಬಟ್ಟೆ ಅಂಟಿಸಿ, ಗಾರೆಯ ಸಮೇತ ಕತ್ತರಿಸಿ, 38 ತುಂಡು ಮಾಡಿ ಸಾಗಿಸಿದರು. ತುಂಡುಗಳು ಜರ್ಮನಿಯ ಮ್ಯೂನಿಕ್ ನಗರವನ್ನು ಸೇರಿದವು. 1983ರಲ್ಲಿ ಅವುಗಳನ್ನು ಡೊಮಿನಿಕ್ ಡಿ ಮೆನಿಲ್ ಎಂಬ ಅಮೇರಿಕದ ಕಲಾಸಂಗ್ರಾಹಕಿಗೆ ತೋರಿಸಲಾಯಿತು. ಇವು ತುರ್ಕಿಯಲ್ಲಿ ಸಿಕ್ಕಿದ್ದು ಎಂದು ಮಾರುವವನು ಹೇಳಿದ. ಆಕೆ ನಂಬಲಿಲ್ಲ. ವಕೀಲರ ಮೂಲಕ ಸರಕಾರಗಳಿಗೆ ಬರೆಸಿ ವಿಚಾರಿಸಿದರು. ಇವು ಸೈಪ್ರಸ್ಸಿನ ಲೀಸಿಯವೆಂದು ಗೊತ್ತಾಯಿತು. ಆಗ ಆಕೆ ಸೈಪ್ರಸ್ಸಿನ ಧರ್ಮಪೀಠದೊಡನೆ ಒಪ್ಪಂದ ಮಾಡಿಕೊಂಡು, ಅದರ ಪರವಾಗಿ ಹಣ ಕೊಟ್ಟು ಬಿಡಿಸಿಕೊಂಡರು. ಒಡೆತನ ಧರ್ಮಪೀಠದ್ದು, ದುರಸ್ತಿಯ ಖರ್ಚು ಈಕೆಯದು, ಕೆಲವು ವರುಷ ಇಟ್ಟುಕೊಳ್ಳಲು ಕಡ ಮಾತ್ರ.

ಲಂಡನ್ನಿನಲ್ಲಿ ವರುಷಗಟ್ಟಲೆ ದುರಸ್ತಿ ನಡೆಯಿತು. ಹೂಸ್ಟನ್ ನಗರದಲ್ಲಿ ಆಕೆಯ ಮಗ, ವಾಸ್ತುಶಿಲ್ಪಿ ಫ್ರಾಂಸ್ವಾ ಡಿ ಮೆನಿಲ್, ಈ ಚಿತ್ರಗಳಿಗಾಗಿಯೇ ಒಂದು ಮಂದಿರ ಕಟ್ಟಿದರು. ಹೊರಗೆ ಕಾಂಕ್ರೀಟು, ಒಳಗೆ ಕತ್ತಲಲ್ಲಿ ಮಬ್ಬುಗಾಜಿನ ಫಲಕಗಳಿಂದ ಲೀಸಿಯ ಇಗರ್ಜಿಯ ಆಕಾರವನ್ನೇ ತೂಗಿಬಿಟ್ಟಂತೆ ಮಾಡಿ, ಅದರ ನೆತ್ತಿಗೂ ಗೂಡಿಗೂ ಚಿತ್ರಗಳನ್ನು ಕೂಡಿಸಿದರು. 1997ರಲ್ಲಿ ಅದು ತೆರೆಯಿತು. 2012ರ ಮಾರ್ಚಿನಲ್ಲಿ, ಮಾತಿನ ಅವಧಿ ಮುಗಿದಾಗ, ಚಿತ್ರಗಳು ಸೈಪ್ರಸ್ಸಿಗೆ ಹಿಂದಿರುಗಿದವು. ಈಗ ಅವು ರಾಜಧಾನಿ ನಿಕೋಸಿಯದ ಬೈಜಾಂಟೈನ್ ಮ್ಯೂಸಿಯಂನಲ್ಲಿವೆ. ಗೋಡೆ ಗಡಿಯ ಆಚೆಗೆ, ಚಿತ್ರ ಗಡಿಯ ಈಚೆಗೆ.

“ಅಲ್ಲಿದ್ದರೇ ಕ್ಷೇಮ” ಎನ್ನುವವರು ಈ ಕಥೆಯನ್ನು ತಮ್ಮ ಪರವಾದ ಸಾಕ್ಷಿಯೆಂದು ಎತ್ತಿ ಹಿಡಿಯುತ್ತಾರೆ. ಅಮೇರಿಕದ ಶ್ರೀಮಂತರೊಬ್ಬರು ಕೈಹಿಡಿಯದಿದ್ದರೆ ಆ 38 ತುಂಡುಗಳು 38 ದಿವಾನಖಾನೆಗಳಿಗೆ ಹಂಚಿಹೋಗುತ್ತಿದ್ದುವಲ್ಲ ಎನ್ನುತ್ತಾರೆ. ಹೌದು, ಹೋಗುತ್ತಿದ್ದವು. ಆ ಮಹಿಳೆಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಆಕೆ ಮಾಡಿದ್ದೇನೆಂದು ಸರಿಯಾಗಿ ನೋಡಿ. ಹಣದ ಚೀಲ ಬಿಚ್ಚುವ ಮೊದಲು “ಇದು ಯಾರದು?” ಎಂದು ಕೇಳಿದರು. ಉತ್ತರ ಸಿಕ್ಕ ಮೇಲೆ ಯಾರದೋ ಅವರ ಹೆಸರಿನಲ್ಲಿಯೇ ಬಿಡಿಸಿದರು. ಆಕೆ 1997ರ ಕೊನೆಯಲ್ಲಿ ತೀರಿಕೊಂಡ ಮೇಲೂ ಆಕೆಯ ಸಂಸ್ಥೆ ಮಾತು ಉಳಿಸಿಕೊಂಡಿತು. ಹೂಸ್ಟನ್ನಿನ ಹಿರಿಮೆ ಇರುವುದು ಇಟ್ಟುಕೊಂಡದ್ದರಲ್ಲಿ ಅಲ್ಲ, ಕೊಟ್ಟದ್ದರಲ್ಲಿ. ಈ ಉದಾಹರಣೆ ನಮ್ಮ ಪಕ್ಷದ ಸಾಕ್ಷಿ, ಅವರದಲ್ಲ.

ಆ ಪ್ರಶ್ನೆ ಕೇಳದಿದ್ದವರ ಕಥೆಯೂ ಇದೆ. ಅದೇ ಸೈಪ್ರಸ್ಸಿನ ಉತ್ತರದ ಲಿಥ್ರಾಂಗೋಮಿ ಎಂಬ ಹಳ್ಳಿಯ ಕನಕರಿಯ ಇಗರ್ಜಿಯಲ್ಲಿ 6ನೇ ಶತಮಾನದ ಮೊಸಾಯಿಕ್ ಚಿತ್ರಗಳಿದ್ದವು. ಅವೂ 1974ರ ನಂತರ ಕಳುವಾದವು. 1988ರಲ್ಲಿ ಇಂಡಿಯಾನಾ ರಾಜ್ಯದ ಒಬ್ಬ ಕಲಾವ್ಯಾಪಾರಿ ಅವುಗಳಲ್ಲಿ ನಾಲ್ಕನ್ನು ಹತ್ತು ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಕೊಂಡು, ಎರಡು ಕೋಟಿ ಡಾಲರಿಗೆ ಗೆಟ್ಟಿ ಮ್ಯೂಸಿಯಂಗೆ ಮಾರಲು ನೋಡಿದರು. ಅಲ್ಲಿಂದಲೇ ಸೈಪ್ರಸ್ಸಿಗೆ ಸುದ್ದಿ ಹೋಯಿತು, ಮೊಕದ್ದಮೆ ನಡೆಯಿತು, 1989ರಲ್ಲಿ ಇಂಡಿಯಾನಾಪೊಲಿಸ್ಸಿನ ನ್ಯಾಯಾಲಯ ಧರ್ಮಪೀಠದ ಪರವಾಗಿ ತೀರ್ಪಿತ್ತಿತು, 1990ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹತ್ತು ಲಕ್ಷ ಎಲ್ಲಿ, ಎರಡು ಕೋಟಿ ಎಲ್ಲಿ! ನಡುವಿನ ಈ ಅಂತರವೇ ಕಳ್ಳನ ಗರಗಸಕ್ಕೆ ಸಾಣೆ ಹಿಡಿಯುವುದು. ಗೋಡೆ ಕೊರೆದವನು ಯಾರಾದರೂ ಇರಲಿ, ಕೊಳ್ಳುವವನು ಇದ್ದಾನೆಂಬ ಭರವಸೆ ಇಲ್ಲದೆ ಗುಮ್ಮಟಕ್ಕೆ ಏಣಿ ಹಾಕುವವನಿಲ್ಲ. ಮೊದಲು ಬೆಲೆ ಕಟ್ಟಿ ಕಳುವಿಗೆ ಕಾರಣವಾಗುವುದು, ಆಮೇಲೆ ಕಳುವನ್ನೇ ತೋರಿಸಿ “ನೋಡಿ, ಅಲ್ಲಿ ಭದ್ರತೆಯಿಲ್ಲ, ನಮ್ಮಲ್ಲಿದ್ದರೇ ಕ್ಷೇಮ” ಎನ್ನುವುದು! ಮನೆಗೆ ಬೆಂಕಿ ಇಟ್ಟವನೇ ಪಾತ್ರೆಪಗಡೆಗಳನ್ನು ಹೊರಗೆ ಸಾಗಿಸಿ ಉಪಕಾರ ಹೇಳಿಕೊಂಡಂತೆ.

ಇನ್ನು ಕ್ಷೇಮ ಎಂಬ ಶಬ್ದ. ಯಾವುದರ ಕ್ಷೇಮ? ಬಣ್ಣದ ಕ್ಷೇಮವೆಂದರೆ ಒಪ್ಪೋಣ. ಹವಾನಿಯಂತ್ರಿತ ಕೋಣೆಯಲ್ಲಿ ಬಣ್ಣ ಉದುರುವುದಿಲ್ಲ. ಆದರೆ ಲೀಸಿಯ ಗುಮ್ಮಟ ಈಗ ಬೋಳು. ಹೂಸ್ಟನ್ನಿನ ವಾಸ್ತುಶಿಲ್ಪಿ ಇಗರ್ಜಿಯ ನೆರಳನ್ನು ಗಾಜಿನಲ್ಲಿ ಮತ್ತೆ ಕಟ್ಟಬೇಕಾಯಿತು. ಕಟ್ಟಡವಿಲ್ಲದೆ ಚಿತ್ರ ನಿಲ್ಲದೆಂದು ಆತನಿಗೆ ತಿಳಿದಿತ್ತು. ಪರಿಣತರು ತಿಂಗಳುಗಟ್ಟಲೆ ಕುಳಿತು ತುಂಡುಗಳಿಗೆ ಮತ್ತೆ ಗುಮ್ಮಟದ ಬಾಗು ಕೊಟ್ಟರು. ಇಷ್ಟೆಲ್ಲ ಮಾಡಿಯೂ ಮೂಲ ಕಟ್ಟಡದ ಕಿಂಡಿಯಿಂದ ಬೀಳುತ್ತಿದ್ದ ಮುಂಜಾನೆಯ ಬೆಳಕನ್ನು ತರಲಾಗಲಿಲ್ಲ. ಕಳುವಿನಿಂದ ಎರಡು ವಸ್ತುಗಳು ಹಾಳಾಗುತ್ತವೆ: ಚಿತ್ರ ಮತ್ತು ಕಟ್ಟಡ. ಮ್ಯೂಸಿಯಂನವರು ಒಂದರ ಲೆಕ್ಕವನ್ನು ಮಾತ್ರ ಹೇಳುತ್ತಾರೆ.

“ಅಲ್ಲಿ ಪೂಜೆ ಮಾಡುವವರೇ ಇಲ್ಲವಲ್ಲ, ಯಾರಿಗಾಗಿ ಹಿಂದಕ್ಕೆ?” ಎಂದು ಕೇಳುವವರಿಗೆ ನಮ್ಮ ದೇಶದ್ದೇ ಒಂದು ಉತ್ತರವಿದೆ. ತಮಿಳುನಾಡಿನ ಪತ್ತೂರಿನ ಪಾಳುಬಿದ್ದ ಗುಡಿಯ ಬಳಿ 1976ರಲ್ಲಿ ನೆಲ ಅಗೆಯುವಾಗ ಸಿಕ್ಕಿದ ನಟರಾಜ ವಿಗ್ರಹ ಕೈಯಿಂದ ಕೈಗೆ ದಾಟಿ ಲಂಡನ್ ಸೇರಿತು. 1982ರಲ್ಲಿ ಕೆನಡಾದ ಒಂದು ಕಂಪೆನಿ ಅದನ್ನು ಎರಡೂವರೆ ಲಕ್ಷ ಪೌಂಡಿಗೆ ಕೊಂಡಿತು. ಮೊಕದ್ದಮೆಯಲ್ಲಿ ಆ ಪಾಳುಗುಡಿಯೇ ವಾದಿಗಳಲ್ಲಿ ಒಂದಾಯಿತು. ಪೂಜೆಯಿಲ್ಲ, ಗೋಪುರವಿಲ್ಲ, ಆದರೂ ಗುಡಿಗೆ ಹಕ್ಕುಂಟು ಎಂದು ಇಂಗ್ಲೆಂಡಿನ ನ್ಯಾಯಾಲಯಗಳು ಒಪ್ಪಿದವು. 1991ರಲ್ಲಿ ನಟರಾಜ ಭಾರತಕ್ಕೆ ಬಂದ. ಪೂಜೆ ನಿಂತ ಮಾತ್ರಕ್ಕೆ ಹಕ್ಕು ಸಾಯುವುದಿಲ್ಲ. ಊರಿನ ಮನೆಗೆ ಬೀಗ ಹಾಕಿ ಪರಸ್ಥಳದಲ್ಲಿ ಮೂವತ್ತು ವರುಷ ದುಡಿದ ನಮ್ಮಲ್ಲಿ ಯಾರಾದರೂ, “ನೀವು ಅಲ್ಲಿ ಇರುವುದಿಲ್ಲವಲ್ಲ, ಬಾಗಿಲು ಚೌಕಟ್ಟು ಕಿತ್ತುಕೊಂಡು ಹೋಗುತ್ತೇನೆ, ನನ್ನಲ್ಲಿ ಕ್ಷೇಮವಾಗಿರುತ್ತದೆ” ಎಂದರೆ ಒಪ್ಪುತ್ತೇವೆಯೆ?

ಕಲೆ ಇಡೀ ಮನುಕುಲದ್ದು ಎಂಬ ದೊಡ್ಡ ಮಾತೂ ಉಂಟು. ಕೇಳಲು ಇಂಪಾಗಿದೆ. ಆದರೆ ಈ ಮನುಕುಲದ ಆಸ್ತಿ ಯಾವಾಗಲೂ ಐದಾರು ಶ್ರೀಮಂತ ನಗರಗಳ ಕಡೆಗೇ ಹರಿಯುವುದೇಕೆ? ಲಂಡನ್ನಿನ ಮಠವೊಂದರ ಗೋಡೆ ಸುಲಿದು ಲೀಸಿಗೆ ತಂದು ಮನುಕುಲಕ್ಕೆ ಸಮರ್ಪಿಸಿದವರನ್ನು ನಾವು ಇನ್ನೂ ಕಂಡಿಲ್ಲ.

ಹಾಗೆಂದು ನಮ್ಮ ವಾದವನ್ನು ಎಳೆದು ಹಿಗ್ಗಿಸುವುದೂ ಬೇಡ. ನಾಳೆಯೇ ಆ ಚಿತ್ರಗಳನ್ನು ಕಾವಲಿಲ್ಲದ ಇಗರ್ಜಿಗೆ ಒಯ್ದು ಅಂಟಿಸಿ ಎಂದು ನಾವು ಹೇಳುವುದಿಲ್ಲ. ನಿಕೋಸಿಯದ ಮ್ಯೂಸಿಯಂ ಅವಕ್ಕೆ ಇಂದಿನ ಮಟ್ಟಿಗೆ ಸರಿಯಾದ ಜಾಗ. ಇಟ್ಟುಕೊಳ್ಳುವುದು ಬೇರೆ, ಒಡೆಯನಾಗುವುದು ಬೇರೆ. ಈ ವ್ಯತ್ಯಾಸ ಉಳಿದಿರುವ ತನಕ ಹಿಂದಿರುಗುವ ದಾರಿಯೂ ಉಳಿದಿರುತ್ತದೆ. 2003ರಲ್ಲಿ ಗಡಿಯ ಠಾಣೆಗಳು ತೆರೆದ ಮೇಲೆ ಊರು ಬಿಟ್ಟ ಎರಡೂ ಕಡೆಯ ಜನ ತಮ್ಮ ಹಳ್ಳಿಗಳನ್ನು ಹೋಗಿ ನೋಡಿ ಬರಲು ಸಾಧ್ಯವಾಯಿತು. 2008ರಲ್ಲಿ ಗ್ರೀಕ್ ಮತ್ತು ತುರ್ಕಿ ಸೈಪ್ರಿಯಾಟರು ಕೂಡಿ ರಚಿಸಿದ ಪರಂಪರೆಯ ಸಮಿತಿ ಉತ್ತರದ ಇಗರ್ಜಿಗಳನ್ನೂ ದಕ್ಷಿಣದ ಮಸೀದಿಗಳನ್ನೂ ದುರಸ್ತಿ ಮಾಡಿಸುತ್ತಿದೆ. ಯುದ್ಧ ಮಾಡಿದ ಜನವೇ ಇಷ್ಟು ಮಾಡಬಹುದಾದರೆ, ಸ್ಥಳೀಕರಿಗೆ ಕಾಳಜಿಯಿಲ್ಲ ಎಂಬ ಮಾತನ್ನು ಯಾವ ಮುಖದಿಂದ ಆಡುವುದು?

ಮೊದಲು ಹೇಳಿದ ಅರ್ಧ ಸತ್ಯದ ಲೆಕ್ಕ ಇನ್ನೂ ಉಳಿದಿದೆ. ನಮ್ಮವರು ಹಳೆಯದನ್ನು ಕೆಡಿಸುತ್ತಾರೆ ಎಂಬುದು ಸುಳ್ಳಲ್ಲ. ಜೀರ್ಣೋದ್ಧಾರದ ರಸೀದಿ ಪುಸ್ತಕ ನಮ್ಮ ಸಂಘಗಳಿಗೂ ಬರುತ್ತದೆ. ನಾವು ಕೊಟ್ಟ ಹಣದಲ್ಲೇ ಹಳೆಯ ಗೋಡೆಯ ಚಿತ್ರಕ್ಕೆ ಸುಣ್ಣ ಬೀಳುತ್ತದೆ, ಕೆತ್ತನೆಯ ಕಂಬಕ್ಕೆ ಟೈಲ್ಸು ಹತ್ತುತ್ತದೆ. ಇದಕ್ಕೆ ಉತ್ತರ ವಿಗ್ರಹವನ್ನು ಲಂಡನ್ನಿಗೆ ಕಳಿಸುವುದಲ್ಲ, ರಸೀದಿ ಹರಿಯುವ ಮೊದಲು ಪ್ರಶ್ನೆ ಕೇಳುವುದು. ಏನು ಕೆಡವುತ್ತೀರಿ, ಏನು ಉಳಿಸುತ್ತೀರಿ, ಪುರಾತತ್ತ್ವ ಇಲಾಖೆಯವರನ್ನು ಕೇಳಿದ್ದೀರಾ? ಉತ್ತರ ಬಾರದಿದ್ದರೆ ಹಣ ಕೊಡಬೇಡಿ. ದೇವರು ಮುನಿಯಲಾರ.

ಇನ್ನೊಂದು ಕೆಲಸಕ್ಕೆ ಹಣವೂ ಬೇಕಿಲ್ಲ. ಕನಕರಿಯದ ಮೊಸಾಯಿಕ್‌ಗಳ ಮೊಕದ್ದಮೆ ಗೆದ್ದದ್ದಕ್ಕೆ ಒಂದು ಮುಖ್ಯ ಕಾರಣ, ಅವು ಗೋಡೆಯಲ್ಲಿದ್ದಾಗಲೇ ವಿದ್ವಾಂಸರು ಅಳೆದು, ಚಿತ್ರ ತೆಗೆದು ಇಟ್ಟಿದ್ದು. 1977ರಲ್ಲಿ ಅದರ ಮೇಲೆ ಒಂದು ಗ್ರಂಥವೇ ಪ್ರಕಟವಾಗಿತ್ತು. ಇದು ನಮ್ಮದು ಎನ್ನಲು ದಾಖಲೆ ಬೇಕು. ನಮ್ಮಲ್ಲಿ 1972ರ ಪುರಾವಸ್ತು ಕಾಯಿದೆಯಿದೆ, ನೋಂದಣಿಯ ಏರ್ಪಾಡಿದೆ. ಆದರೆ ಯಾರೂ ಬರೆದಿಡದ, ಯಾರೂ ಫೋಟೋ ತೆಗೆಯದ ವಿಗ್ರಹ ಕಾಣೆಯಾದರೆ ಕಾಯಿದೆ ಏನು ಮಾಡೀತು? ಮುಂದಿನ ಬಾರಿ ಜಾತ್ರೆಗೋ ಮದುವೆಗೋ ಊರಿಗೆ ಹೋದಾಗ, ಮಕ್ಕಳ ಕೈಯಲ್ಲಿರುವ ಮೊಬೈಲು ಫೋನು ಒಂದು ಗಂಟೆ ಈ ಕೆಲಸ ಮಾಡಲಿ. ಊರ ಗುಡಿ, ಬಸದಿ, ಇಗರ್ಜಿ, ದರ್ಗಾ, ಯಾವುದಾದರೂ ಸರಿ. ಶಾಸನದ ಕಲ್ಲು, ವೀರಗಲ್ಲು, ಗೋಡೆಯ ಚಿತ್ರ, ಮರದ ಕೆತ್ತನೆ, ಎಲ್ಲದರ ಚಿತ್ರವನ್ನು ಮುಂದಿನಿಂದಲೂ ಪಕ್ಕದಿಂದಲೂ ತೆಗೆಯಿರಿ. ಪಕ್ಕದಲ್ಲೊಂದು ಅಳತೆಯ ಟೇಪು ಇಡಿ. ಊರು, ತಾಲ್ಲೂಕು, ಯಾವ ಗೋಡೆ, ಯಾವ ದಿಕ್ಕು, ತೆಗೆದ ತಾರೀಖು, ಇಷ್ಟನ್ನು ಬರೆದು ಒಂದು ಪ್ರತಿಯನ್ನು ಗುಡಿಯವರಿಗೆ ಕೊಟ್ಟು, ಇನ್ನೊಂದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ.